ದಟ್ಟಣಾವತಿಯ ನಮಸ್ಕಾರ ಸೈಕಲ್ಲು

ಬಹಳ ಹಿಂದೆ, ಅಂದರೆ ಟ್ರಾಫಿಕ್ ಜಾಮ್ ಹುಟ್ಟಿದ ಮೇಲೆ ಮತ್ತು ಫ್ಲೈಓವರ್ ಮುಗಿಯುವ ಮೊದಲು, ದಟ್ಟಣಾವತಿ ಎಂಬ ಒಂದು ರಾಜ್ಯವಿತ್ತು. ಅದು ಯಾವ ನಕಾಶೆಯಲ್ಲೂ ಇಲ್ಲ. ಆದ್ದರಿಂದ ಓದುಗ ಮಹಾಶಯರು ಪತ್ರಿಕೆಯಿಂದ ತಲೆಯೆತ್ತಿ ಕಿಟಕಿಯಾಚೆ ನೋಡುವ ಶ್ರಮ ತೆಗೆದುಕೊಳ್ಳಬಾರದಾಗಿ ಪ್ರಾರ್ಥನೆ.

ರಾಜ್ಯವನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜಾಧಿರಾಜ ಜಯಘೋಷ ಭೂಪಾಲರು. ಅವರಿಗೆ ಸಾಷ್ಟಾಂಗ ನಮಸ್ಕಾರವೆಂದರೆ ಪಂಚಪ್ರಾಣ. ಮಂತ್ರಿಯಾಗಲಿ, ಸೇನಾಪತಿಯಾಗಲಿ, ಹಾಲು ಕೊಡಲು ಬಂದವನಾಗಲಿ, ಎದುರಿಗೆ ಬಂದವರೆಲ್ಲ ಅಡ್ಡ ಬೀಳಲೇಬೇಕು. ಹೀಗಾಗಿ ಸಭಾಂಗಣದ ನೆಲ ಒರೆಸಲು ಬೇರೆ ಆಳು ಇರಲಿಲ್ಲ. ಮಂತ್ರಿಗಳ ಅಂಗವಸ್ತ್ರಗಳೇ ಸಾಕಾಗುತ್ತಿದ್ದವು. ನಗರದ ಪ್ರತಿಯೊಂದು ವೃತ್ತದಲ್ಲೂ ಮಹಾರಾಜರ ಒಂದೊಂದು ಪ್ರತಿಮೆಯಿತ್ತು. ಸಿಗ್ನಲ್ ದೀಪಗಳಿಗೆ ಜಾಗ ಸಾಲದೆ ಅವನ್ನು ಪ್ರತಿಮೆಯ ಬೆನ್ನ ಹಿಂದೆ ನೆಟ್ಟಿದ್ದರು.

ಒಂದು ಸೋಮವಾರ ಮಹಾರಾಜರ ರಥವೇ ಜಾಮಿನಲ್ಲಿ ಸಿಕ್ಕಿಹಾಕಿಕೊಂಡಿತು. ಮುಂದೆ ನೀರಿನ ಟ್ಯಾಂಕರು, ಹಿಂದೆ ಕಸದ ಬಂಡಿ, ಎಡಕ್ಕೆ ಮದುವೆಯ ದಿಬ್ಬಣ, ಬಲಕ್ಕೆ ಕೇಬಲ್ಲಿಗೆಂದು ಅಗೆದು ಮರೆತ ಗುಂಡಿ. ಹೊಗಳುಭಟರು ಪಕ್ಕದಲ್ಲೇ ಕಿರುಚುತ್ತಿದ್ದರೂ ಹಾರ್ನಿನ ಗದ್ದಲದಲ್ಲಿ ಬಿರುದಾವಳಿಯ ಒಂದಕ್ಷರವೂ ಕೇಳಿಸಲಿಲ್ಲ. ಪ್ರಜೆಗಳು ಅದೇ ಜಾಗದಲ್ಲಿ ಅರ್ಧ ಆಯುಷ್ಯ ಕಳೆಯುತ್ತಿದ್ದುದು ರಾಜ್ಯದ ಸಮಸ್ಯೆಯಾಗಿರಲಿಲ್ಲ. ಮಹಾರಾಜರು ಒಂದು ಮಧ್ಯಾಹ್ನ ಕಳೆದದ್ದೇ ತಡ, ಸಂಚಾರ ಮಂತ್ರಿ ಅನುಮೋದಪ್ಪನವರಿಗೆ ಕರೆ ಹೋಯಿತು.

"ಎಲೈ ಮಂತ್ರಿವರ್ಯ," ಎಂದರು ಮಹಾರಾಜರು, "ನಮ್ಮ ಜನ್ಮೋತ್ಸವದೊಳಗೆ ಈ ರಸ್ತೆಗಳು ಸುಗಮವಾಗತಕ್ಕದ್ದು. ತಪ್ಪಿದಲ್ಲಿ ನಿಮ್ಮ ಖಾತೆಯನ್ನು ನಮ್ಮ ಅಡುಗೆಭಟ್ಟರಿಗೆ ಹೆಚ್ಚುವರಿ ಹೊಣೆಯಾಗಿ ವಹಿಸಲಾಗುವುದು."

"ತಮ್ಮ ಕೋಪವೇ ಒಂದು ಸಾರಿಗೆ ನೀತಿ, ಪ್ರಭು," ಎಂದು ಅನುಮೋದಪ್ಪನವರು ನೆಲದ ಮೇಲಿಂದಲೇ ಉತ್ತರಿಸಿದರು. ಎದ್ದವರೇ ಯಂತ್ರಶಾಲೆಗೆ ಓಡಿದರು.

ಯಂತ್ರಶಾಲೆ ಇದ್ದದ್ದು ಆನೆಲಾಯದ ಹಿಂದೆ. ಅದರ ಮುಖ್ಯಸ್ಥೆ ಮಂದಾಕಿನಿ. ಆಕೆ ಬುದ್ಧಿವಂತೆ, ಸ್ವಲ್ಪ ಜಂಬದವಳು, ತನ್ನ ಕೆಲಸವನ್ನು ಯಾರಾದರೂ ಹೊಗಳಿದರೆ ಮುಖ ಅರಳಿಸುವವಳು. ಆದರೆ ಒಂದು ವಿಷಯದಲ್ಲಿ ಆಕೆಯ ಮನಸ್ಸು ಬೆಣ್ಣೆ. ದಿನವೂ ಸಂಜೆ ಸಾರ್ವಜನಿಕ ಪಲ್ಲಕ್ಕಿಯಲ್ಲಿ ನೇತಾಡಿಕೊಂಡು ಮನೆಗೆ ಹೋಗುವಾಗ ಸುತ್ತಲಿನ ಬಸವಳಿದ ಮುಖಗಳನ್ನು ನೋಡಿ ಆಕೆಗೆ ಸಂಕಟವಾಗುತ್ತಿತ್ತು. ಈ ಜನ ಬೆಳಕಿರುವಾಗಲೇ ಮನೆ ಸೇರಬೇಕು, ಮಕ್ಕಳು ಮಲಗುವ ಮೊದಲು ಅವರ ಮುಖ ನೋಡಬೇಕು. ಇದೊಂದನ್ನು ತಲೆಯಲ್ಲಿಟ್ಟುಕೊಂಡು ಆಕೆ ವರ್ಷಗಟ್ಟಲೆ ಒಂದು ಸೈಕಲ್ಲು ಮಾಡುತ್ತಿದ್ದಳು.

ಅದು ಬ್ಯಾಟರಿಯಿಂದ ಓಡುವ ಪುಟ್ಟ ಸೈಕಲ್ಲು. ಕಾಲಿಗೆ ಶ್ರಮವಿಲ್ಲ, ಹೊಗೆಯಿಲ್ಲ, ಎರಡು ಬಂಡಿಗಳ ನಡುವಿನ ಸಂದಿಯಲ್ಲೂ ನುಸುಳಿ ಹೋಗುತ್ತದೆ. ನಡುವೆ ಒಂದು ಕೀಲು, ಕೀಲಿಗೊಂದು ಚಿಲಕ. ಚಿಲಕ ತೆಗೆದರೆ ಸೈಕಲ್ಲು ಎರಡಾಗಿ ಮಡಚಿಕೊಂಡು ಟ್ರಂಕಿನಷ್ಟಾಗುತ್ತದೆ. ಪಲ್ಲಕ್ಕಿ ಬಂದರೆ ಮಡಚಿ ತೊಡೆಯ ಮೇಲಿಟ್ಟುಕೊಳ್ಳಬಹುದು, ಕಚೇರಿಯಲ್ಲಿ ಮೇಜಿನ ಕೆಳಗೆ ತಳ್ಳಬಹುದು, ರಾತ್ರಿ ಮಂಚದಡಿ ಇಟ್ಟು ಚಾರ್ಜಿಗೆ ಹಾಕಬಹುದು. ಎಲ್ಲ ಮುಗಿದಿತ್ತು, ಆ ಚಿಲಕವೊಂದನ್ನು ಬಿಟ್ಟು. ಅದು ಒಮ್ಮೊಮ್ಮೆ ತನಗೆ ತೋಚಿದಾಗ ತಾನೇ ಕಳಚಿಕೊಳ್ಳುತ್ತಿತ್ತು.

"ಇನ್ನೊಂದು ತಿಂಗಳು ಕೊಡಿ ಸ್ವಾಮಿ, ಚಿಲಕ ಗಟ್ಟಿ ಮಾಡ್ತೀನಿ," ಎಂದಳು ಮಂದಾಕಿನಿ.

"ತಾಯಿ, ನಾಳೆ ಪ್ರೆಸೆಂಟೇಶನ್," ಎಂದರು ಅನುಮೋದಪ್ಪನವರು. "ಚಿಲಕ ಯಾರು ನೋಡ್ತಾರೆ? ಬಣ್ಣ ಹೊಡಿ."

ಮರುದಿನ ತುಂಬಿದ ಸಭೆಯಲ್ಲಿ ಮಂದಾಕಿನಿ ಸೈಕಲ್ಲು ಹತ್ತಿ ಒಂದು ಸುತ್ತು ಬಂದಳು. ಎರಡನೆಯ ಸುತ್ತಿಗೆ ಸಿಂಹಾಸನದ ಎದುರು ತಿರುಗಿಸುವಷ್ಟರಲ್ಲಿ ಚಿಲಕ ಟಕ್ಕೆಂದು ಕಳಚಿತು. ಸೈಕಲ್ಲು ನಡುವಿನಲ್ಲಿ ಬಾಗಿ ಮಡಚಿಕೊಂಡಿತು. ಹ್ಯಾಂಡಲ್ಲು ನೇರವಾಗಿ ಮಹಾರಾಜರ ಪಾದುಕೆಗಳ ಮೇಲೆ ಹೋಗಿ ಒರಗಿತು. ಮಂದಾಕಿನಿ ಅದರ ಮೇಲಿಂದ ಹಾರಿ ಅಂಗಾತ ಬೀಳದೆ, ಅದೃಷ್ಟವೋ ದುರದೃಷ್ಟವೋ, ಬೋರಲಾಗಿ ಬಿದ್ದಳು.

ಅನುಮೋದಪ್ಪನವರಿಗೆ ಅಡುಗೆಭಟ್ಟರ ಮುಖ ಕಣ್ಣಮುಂದೆ ಬಂತು. ಮಹಾರಾಜರು ಮಾತ್ರ ಸಿಂಹಾಸನದಿಂದ ಎದ್ದು ನಿಂತಿದ್ದರು.

"ಆಹಾ! ಇದು ನಮಸ್ಕಾರ ಮಾಡಿತು!"

ಮಹಾರಾಜರು ಸಭೆಯತ್ತ ತಿರುಗಿದರು.

"ನಮ್ಮ ರಥ ಇಪ್ಪತ್ತು ವರ್ಷದಿಂದ ನಮ್ಮ ಅನ್ನ ತಿನ್ನುತ್ತಿದೆ. ಒಂದು ದಿನವಾದರೂ ತಲೆ ಬಾಗಿಸಿತೇ? ಈ ಬಡಪಾಯಿ ಸೈಕಲ್ಲಿಗಿರುವ ಸಂಸ್ಕಾರ ನೋಡಿರಿ!" ಮಹಾರಾಜರ ಕಂಠ ಗದ್ಗದವಾಯಿತು.

ಮಂದಾಕಿನಿ ಮೊಣಕೈ ಒರೆಸಿಕೊಳ್ಳುತ್ತ ಎದ್ದಳು. "ಪ್ರಭು, ಕ್ಷಮಿಸಬೇಕು, ಅದು ಚಿಲಕ..." ಎನ್ನುವಷ್ಟರಲ್ಲಿ ಅನುಮೋದಪ್ಪನವರು ಆಕೆಯ ಕಾಲು ತುಳಿದರು.

"ಚಿಲಕವೇ ಪ್ರಭು! ಭಕ್ತಿಚಿಲಕ! ಇದು ಆಕೆಯ ಸ್ವಂತ ಸಂಶೋಧನೆ. ಜಗತ್ತಿನಲ್ಲೇ ಮೊಟ್ಟಮೊದಲ ವಿನಯಾಧಾರಿತ ಸ್ಮಾರ್ಟ್ ವಾಹನ!"

ಸಭೆಯಲ್ಲಿ ಚಪ್ಪಾಳೆ ಮೊಳಗಿತು. ಮಂದಾಕಿನಿ ಚಿಲಕದ ಮಾತು ಬಿಟ್ಟು ಸಭೆಗೆ ಕೈ ಮುಗಿದಳು. ಸತ್ಯ ಹೇಳಬೇಕೆಂದರೆ, ಚಪ್ಪಾಳೆ ಆಕೆಗೆ ಹಿತವಾಗಿಯೇ ಇತ್ತು.

ಆಜ್ಞೆ ಹೊರಟಿತು. ನಗರದಲ್ಲಿ ದುಡಿಯಲು ಹೋಗುವ ಪ್ರತಿಯೊಬ್ಬ ಪ್ರಜೆಯೂ ಮಡಚುವ ವಿದ್ಯುತ್ ಸೈಕಲ್ಲಿನಲ್ಲೇ ಹೋಗತಕ್ಕದ್ದು. ಸೈಕಲ್ಲು ಪ್ರತಿಯೊಂದು ವೃತ್ತದಲ್ಲೂ ಮಹಾರಾಜರ ಪ್ರತಿಮೆಗೆ ತಾನಾಗಿ ಮಡಚಿಕೊಂಡು ನಮಸ್ಕರಿಸತಕ್ಕದ್ದು. ಇದಕ್ಕಾಗಿ ಪ್ರತಿಮೆಗಳ ಹೊಟ್ಟೆಯೊಳಗೆ ಸಿಗ್ನಲ್ ಬಿಡುವ ಯಂತ್ರವನ್ನೂ, ಚಿಲಕದೊಳಗೆ ಅದನ್ನು ಹಿಡಿಯುವ ಸೆನ್ಸರನ್ನೂ ಕೂರಿಸತಕ್ಕದ್ದು.

ಇದನ್ನು ಕೇಳಿ ಮಂದಾಕಿನಿಯ ಜಂಬ ಇಳಿದುಹೋಯಿತು. ಆಕೆ ಅನುಮೋದಪ್ಪನವರ ಮನೆಗೇ ಹೋದಳು.

"ಸ್ವಾಮಿ, ಓಡ್ತಿರೋ ಸೈಕಲ್ಲು ನಡುವೆ ಮಡಚಿಕೊಂಡ್ರೆ ಕೂತೋರು ಬೀಳ್ತಾರೆ. ಹಲ್ಲು ಮುರಿಯುತ್ತೆ, ಮಂಡಿ ಒಡೆಯುತ್ತೆ."

"ಬೀಳಲಿ ಬಿಡು. ಹೇಗೂ ಬೀಳಬೇಕಾದವರೇ."

"ಒಂದು ಕೆಲಸ ಮಾಡೋಣ. ವೃತ್ತ ಹತ್ತಿರ ಬಂದಾಗ ಸೈಕಲ್ಲು ನಿಧಾನವಾಗಿ ನಿಲ್ಲಲಿ. ಜನ ಇಳಿದು, ಕೈ ಮುಗಿದು, ತಾವೇ ಮಡಚಲಿ."

ಅನುಮೋದಪ್ಪನವರು ಆಕೆಯನ್ನು ಕನಿಕರದಿಂದ ನೋಡಿದರು. "ತಾವೇ ಇಳಿದು ಕೈ ಮುಗಿದರೆ ಅದು ಸ್ವಯಂಪ್ರೇರಿತವಾಗುತ್ತೆ ತಾಯಿ. ಸ್ವಯಂಪ್ರೇರಿತವಾದದ್ದನ್ನ ಸರ್ಕಾರ ನಂಬೋದು ಹ್ಯಾಗೆ? ಇವತ್ತು ಇಳೀತಾನೆ, ನಾಳೆ ಇಳಿಯದೆ ಹೋಗ್ತಾನೆ. ಯಂತ್ರ ಹಾಗಲ್ಲ." ಆಮೇಲೆ ದನಿ ತಗ್ಗಿಸಿದರು. "ನಿನ್ನ ಸೈಕಲ್ಲು ರಸ್ತೆಗಿಳೀಬೇಕೋ ಬೇಡವೋ? ಬೇಡವಾದರೆ ಹೇಳು, ಆನೆಗೇ ಬ್ಯಾಟರಿ ಕೂರಿಸೋ ಯೋಜನೆ ಇನ್ನೊಬ್ಬರು ತಂದಿದ್ದಾರೆ."

ಮಂದಾಕಿನಿ ಮನೆಗೆ ಬಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೊದಲು ರಸ್ತೆಗಿಳಿಯಲಿ, ಎರಡನೆಯ ಆವೃತ್ತಿಯಲ್ಲಿ ಸರಿಪಡಿಸೋಣ. ಬುದ್ಧಿವಂತರು ತಪ್ಪು ಮಾಡುವುದು ಇಂಥ ಮಾತಿನ ಬೆಂಬಲದಿಂದಲೇ ಎಂದು ನನ್ನ ಅನುಭವ. ಆಕೆ ಸೆನ್ಸರು ಕೂರಿಸಿದಳು. ಮೊದಲು ಒಮ್ಮೊಮ್ಮೆ ಕಳಚಿಕೊಳ್ಳುತ್ತಿದ್ದ ಚಿಲಕ ಈಗ ಒಂದು ಸಲವೂ ತಪ್ಪದೆ ಕಳಚಿಕೊಳ್ಳತೊಡಗಿತು. ಆ ಕೆಲಸ ಅಚ್ಚುಕಟ್ಟಾಗಿತ್ತು.

ಜನ್ಮೋತ್ಸವದ ದಿನ ಮಹಾರಾಜರು ಅರಮನೆಯ ಉಪ್ಪರಿಗೆಯಲ್ಲಿ ನಿಂತರು. ರಾಜಬೀದಿಯಲ್ಲಿ ಸೈಕಲ್ಲುಗಳ ಸಾಲು ಸದ್ದಿಲ್ಲದೆ ಬಂತು. ಗುಮಾಸ್ತರು, ದರ್ಜಿಗಳು, ಮೇಷ್ಟ್ರುಗಳು, ಊಟದ ಡಬ್ಬಿ ಕಟ್ಟಿಕೊಂಡ ಹೆಂಗಸರು. ಗಾಳಿಗೆ ಕೂದಲು ಹಾರುತ್ತಿತ್ತು. ಕೆಲವರು ನಗುತ್ತಲೂ ಇದ್ದರು. ಅದನ್ನು ನೋಡಿದ ಮಂದಾಕಿನಿಗೆ ಕಣ್ಣು ತುಂಬಿ ಬಂತು. ಮರುಕ್ಷಣವೇ ಮುಂದಿನ ಸಾಲು ವೃತ್ತಕ್ಕೆ ಬಂತು. ಟಕ್, ಟಕ್, ಟಕ್. ಇಡೀ ಬೀದಿ ಬೋರಲಾಯಿತು.

"ನಮ್ಮ ಪ್ರಜೆಗಳು ನಮ್ಮನ್ನು ಇಷ್ಟು ಪ್ರೀತಿಸುತ್ತಾರೆಂದು ನಮಗೇ ತಿಳಿದಿರಲಿಲ್ಲ," ಎಂದು ಮಹಾರಾಜರು ರೇಷ್ಮೆ ವಸ್ತ್ರದಲ್ಲಿ ಕಣ್ಣೊರೆಸಿಕೊಂಡರು.

"ಪ್ರೀತಿ ತಡೆಯಲಾರದೆ ನರಳುತ್ತಿದ್ದಾರೆ, ಪ್ರಭು," ಎಂದರು ಅನುಮೋದಪ್ಪನವರು.

ಆಮೇಲಿನದು ಸರ್ಕಾರಿ ಸಂಭ್ರಮ. ಚಿಲಕಕ್ಕೆ ರಾಜ್ಯಭೂಷಣ ಪ್ರಶಸ್ತಿ ಬಂತು. ಅದನ್ನು ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದರು. ಮಂದಾಕಿನಿಗೆ ಪ್ರಣಾಮಯಂತ್ರವಿಶಾರದೆ ಎಂಬ ಬಿರುದು ಸಿಕ್ಕಿತು. ರಸ್ತೆಯಲ್ಲಿ ಬಿದ್ದವರು ಏಳುವಷ್ಟರಲ್ಲಿ ಹಿಂದಿನವರು ಬೀಳುತ್ತಿದ್ದುದರಿಂದ ವೃತ್ತಗಳು ಬೆಳಗಿನಿಂದ ಸಂಜೆಯವರೆಗೆ ತುಂಬಿ, ಜಾಮು ಮೊದಲಿಗಿಂತ ಉದ್ದವಾಯಿತು. ಸಂಚಾರ ಇಲಾಖೆ ಮಾತ್ರ ರಾಜ್ಯದಲ್ಲಿ ಒಂದೂ ಅಪಘಾತವಿಲ್ಲ ಎಂದು ಪ್ರಕಟಿಸಿತು. ಮಹಾರಾಜರ ಮುಂದೆ ಬೀಳುವುದು ನಮಸ್ಕಾರವೇ ಹೊರತು ಅಪಘಾತವಲ್ಲವಷ್ಟೆ. ಮಂಡಿಗೆ ಕಟ್ಟುವ ಬ್ಯಾಂಡೇಜು ಔಷಧಿಯ ಸಾಮಾನಾಗಿದ್ದದ್ದು ಪೂಜಾ ಸಾಮಗ್ರಿಯಾಯಿತು. ಅದರ ಮೇಲೆ ಐಷಾರಾಮಿ ತೆರಿಗೆ ಬಿತ್ತು.

ಮಂದಾಕಿನಿಗೆ ಊಟ ಸೇರದಾಯಿತು. ಕಿಟಕಿ ತೆರೆದರೆ ಯಂತ್ರಶಾಲೆಯ ಮುಂದಿನ ವೃತ್ತದಿಂದ ಟಕ್ಕೆಂಬ ಸದ್ದು, ಹಿಂದೆಯೇ "ಅಯ್ಯಪ್ಪಾ" ಎಂಬ ಕೂಗು. ಅಷ್ಟು ವರ್ಷ ಯಾರಿಗಾಗಿ ಕಣ್ಣು ಕೆಂಪಗೆ ಮಾಡಿಕೊಂಡು ದುಡಿದಿದ್ದಳೋ ಅವರನ್ನೇ ತನ್ನ ಕೈಯಾರೆ ಬೀಳಿಸಿದ್ದಳು. ಇದು ಆಕೆಗೆ ಸಹಿಸಲಾಗದ ನೋವಾಯಿತು.

ಒಂದು ಬೆಳಿಗ್ಗೆ ದೊಡ್ಡಾಸ್ಪತ್ರೆಯ ದಾದಿ ಗಿರಿಜವ್ವ ಸೈಕಲ್ಲು ತಳ್ಳಿಕೊಂಡು ಬಂದಳು. ಎರಡೂ ಮಂಡಿಗೆ ಪಟ್ಟಿ. ಹೆರಿಗೆ ವಾರ್ಡಿನ ಕೆಲಸ ಆಕೆಯದು.

"ಅಮ್ಮಾರೇ, ಮನೆಯಿಂದ ಆಸ್ಪತ್ರೆಗೆ ಏಳು ಕಡೆ ಬೀಳಬೇಕು. ನಾನ್ ಬೀಳ್ತಾ ಏಳ್ತಾ ಹೋಗೋಷ್ಟರಲ್ಲಿ ಕೂಸುಗಳು ತಾವೇ ಹುಟ್ಕೊಂಡಿರ್ತವೆ. ಏನಾರ ಮಾಡಿ."

ಮಂದಾಕಿನಿ ಬಾಗಿಲು ಮುಂದೆ ಮಾಡಿದಳು. ಕೀಲಿಗೆ ಅಡ್ಡಲಾಗಿ ಒಂದು ಬೋಲ್ಟು ತೂರಿಸಿ ಬಿಗಿದಳು. "ಇನ್ಮೇಲೆ ಇದು ಯಾರ ಎದುರಿಗೂ ಕಳಚಲ್ಲ ಗಿರಿಜವ್ವ. ಮಡಚಬೇಕು ಅಂದ್ರೆ ನನ್ನ ಹತ್ರ ತಾ, ಸ್ಪ್ಯಾನರಿಲ್ಲದೆ ಈ ಬೋಲ್ಟು ಬರಲ್ಲ. ಯಾರಿಗೂ ಹೇಳಬೇಡ."

ಕಿಟಕಿಯಿಂದ ನೋಡಿದಳು. ಗಿರಿಜವ್ವ ವೃತ್ತ ಸುತ್ತಿ, ಬಿದ್ದವರ ನಡುವೆ ದಾರಿ ಮಾಡಿಕೊಂಡು, ಬೆನ್ನು ನೆಟ್ಟಗಿಟ್ಟುಕೊಂಡು ಹೋದಳು. ಎಷ್ಟು ಚೆನ್ನಾಗಿ ಓಡುತ್ತಿತ್ತು ಆ ಸೈಕಲ್ಲು! ಬಿರುದು ಸಿಕ್ಕ ದಿನಕ್ಕಿಂತ ಮಂದಾಕಿನಿಗೆ ಅಂದು ಹೆಚ್ಚು ಸಂತೋಷವಾಯಿತು. ಆಮೇಲೆ ಗುಟ್ಟಾಗಿ ಇನ್ನಷ್ಟು ಜನರ ಸೈಕಲ್ಲಿಗೂ ಬೋಲ್ಟು ಹಾಕಿಕೊಟ್ಟಳು. ಸಿಕ್ಕಿಬಿದ್ದರೆ ತಲೆ ಹೋಗುತ್ತದೆಂದು ಗೊತ್ತಿದ್ದೂ ಮಾಡಿದಳು. ಈ ಒಂದು ಕಾರಣಕ್ಕೆ ನಾನು ಆಕೆಯ ಮೇಲಿನ ಅರ್ಧ ಕೋಪ ಬಿಟ್ಟಿದ್ದೇನೆ.

ವಾರ ಕಳೆದಿರಬಹುದು. ಗಿರಿಜವ್ವ ಮತ್ತೆ ಬಂದಳು. ಮಂಡಿಯ ಪಟ್ಟಿ ಇರಲಿಲ್ಲ, ಗಾಯ ಮಾಯ್ದಿತ್ತು, ಮುಖ ಮಾತ್ರ ಬಾಡಿತ್ತು.

"ಅಮ್ಮಾರೇ, ನನ್ ಸೈಕಲ್ಲು ಕೆಟ್ಟೋಗದೆ."

"ಏನಾಯ್ತು? ಬ್ಯಾಟರಿಯಾ?"

"ಬ್ಯಾಟರಿ ಚೆನ್ನಾಗದೆ. ಇದು ಬೀಳ್ತಾ ಇಲ್ಲ."

ಮಂದಾಕಿನಿ ಆಕೆಯ ಮುಖವನ್ನೇ ನೋಡಿದಳು. "ಬೀಳಬಾರದು ಅಂತ ತಾನೇ ಬೋಲ್ಟು ಹಾಕಿದ್ದು?"

"ಹೌದು ಕಣಮ್ಮ. ಮೊದಲ ದಿನ ಹಕ್ಕಿ ಹಾರ್ದಂಗೆ ಹೋದೆ. ಆಮೇಲೆ ಜನ ಮಲಗಿದ್ದಲ್ಲಿಂದ್ಲೇ ತಲೆ ಎತ್ತಿ ನೋಡೋಕೆ ಶುರು ಮಾಡಿದ್ರು. ಎಲ್ಲರೂ ಬಿದ್ದಿರೋವಾಗ ಒಬ್ಬಳೇ ಕೂತಿರೋದು ಎದ್ದು ಕಾಣ್ತದೆ ನೋಡಿ. ಪಕ್ಕದ ಮನೆಯವಳು ಮಾತು ಬಿಟ್ಲು. ನಿನ್ನೆ ಬಾಣಂತಿ ಒಬ್ಬಳು ನನ್ನ ಕೈಲಿ ಮಗು ಕೊಡಲ್ಲ ಅಂದ್ಲು. 'ನಿನ್ ಮಂಡಿ ಯಾಕೆ ಇಷ್ಟ್ ನುಣ್ಣಗದೆ? ರಾಜದ್ರೋಹಿ ಕೈಲಿ ನನ್ ಕೂಸ್ ಕೊಡ್ಲಾ?' ಅಂದ್ಲು. ನಾನೇ ಮೂರ್ ಸಲ ಬೇಕಂತ್ಲೇ ಹಾರಿ ಬಿದ್ದೆ. ಆದ್ರೆ ಸೈಕಲ್ಲು ನೆಟ್ಟಗೆ ನಿಂತಿರ್ತದೆ, ನಾನೊಬ್ಳೇ ಬಿದ್ದಿರ್ತೀನಿ. ನಾಟಕ ಅಂತ ಗೊತ್ತಾಗ್ಬಿಡ್ತದೆ."

"ಗಿರಿಜವ್ವ, ನೀನು ದಾದಿ. ಬಿದ್ದರೆ ಏನಾಗುತ್ತೆ ಅಂತ ನಿನಗಿಂತ ಯಾರಿಗೆ ಗೊತ್ತು?"

"ಗೊತ್ತು. ಅದಕ್ಕೇ ಕೇಳ್ತಿರೋದು, ಸರಿಯಾಗಿ ಬೀಳೋ ಹಂಗೆ ಮಾಡ್ಕೊಡಿ. ನಾನು ಹೊಟ್ಟೆಪಾಡು ನೋಡ್ಕೋಬೇಕಲ್ಲ."

ಮಂದಾಕಿನಿಗೆ ಹೇಳಲು ಮಾತುಗಳಿದ್ದವು. ಹೇಳಬೇಕಾದ ಕಡೆ ಹೇಳದೆ ಉಳಿಸಿಕೊಂಡ ಮಾತುಗಳು ಅವು, ಈ ಬಡವಿಯ ಮುಂದೆ ಆಡಲು ನಾಚಿಕೆಯಾಯಿತು. ಸ್ಪ್ಯಾನರು ತೆಗೆದುಕೊಂಡಳು, ಬೋಲ್ಟು ಬಿಚ್ಚಿದಳು, ಸೆನ್ಸರಿನ ಧೂಳು ಒರೆಸಿದಳು.

ಗಿರಿಜವ್ವ ಹೊರಗೆ ಹೋಗಿ ಸೈಕಲ್ಲು ಹತ್ತಿದಳು. ವೃತ್ತದ ಪ್ರತಿಮೆಯ ಎದುರು ಚಿಲಕ ಟಕ್ಕೆಂದಿತು. ಆಕೆ ದೊಪ್ಪನೆ ಬಿದ್ದಳು. ನಿಧಾನವಾಗಿ ಎದ್ದು ಸೀರೆ ಸರಿಸಿ ಮಂಡಿ ನೋಡಿಕೊಂಡಳು. ರಕ್ತ ಜಿನುಗುತ್ತಿತ್ತು. ಸುತ್ತ ಬಿದ್ದಿದ್ದವರು ಆಕೆಯನ್ನು ನೋಡಿ ನಕ್ಕರು, ಒಬ್ಬ ಮುದುಕ ಎದ್ದು ಸೈಕಲ್ಲು ಎತ್ತಿಕೊಟ್ಟ.

"ಈಗ ಸರಿಹೋಯ್ತು ಕಣಮ್ಮ!" ಎಂದು ಆಕೆ ಅಲ್ಲಿಂದಲೇ ಕೂಗಿದಳು. "ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ!"

ಮಂದಾಕಿನಿ ಬಾಗಿಲು ಹಾಕಲು ಹೋದಳು. ಹೊರಗೆ ಬೋಲ್ಟು ಹಾಕಿಸಿಕೊಂಡಿದ್ದ ಉಳಿದವರೆಲ್ಲ ತಂತಮ್ಮ ಸೈಕಲ್ಲು ಹಿಡಿದು ಸಾಲಾಗಿ ನಿಂತಿದ್ದರು.