ಇಲ್ಲ ಅನ್ನದ ಟೇಬಲ್

ಮುಗ್ಧಾ: ಸರ್, ಟೇಬಲ್ಲಿನ್ಯಾಗಿನ ಈ ಅರ್ಧಚಂದ್ರ ಅಂದ್ರ ಅದನೋ, ಇಲ್ಲೋ?

ಮಧುಕರ: ಅರ್ಧ ಅದ.

ಮುಗ್ಧಾ: ಅದರ ಬಾಜು ಚುಕ್ಕಿ ಯಾಕ್ರಿ?

ಮಧುಕರ: ಕೆಳಗಿನ ಟಿಪ್ಪಣಿ ಓದ್ಲಿ ಅಂತ.

ಮುಗ್ಧಾ: ಓದೀನ್ರಿ. 'ಮೇಲಿನ ಟಿಪ್ಪಣಿ ನೋಡಿ' ಅಂತ ಅದ. ಮ್ಯಾಲ ಹೋದ್ರ 'ಕೆಳಗಿನ ಟಿಪ್ಪಣಿ ನೋಡಿ' ಅಂತ ಅದ. ಹೇಳಿ ಕೇಳಿ ಇದು ಸರಳ ಮಾಡಿದ ಟೇಬಲ್!

ಮಧುಕರ: ಸರಳ ಮಾಡು ಅಂದೆ. ಖರೇ ಹೇಳು ಅಂದೆನೇನು?

ಅನಗೋಳದ ಓಣಿಯೊಂದರಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿ ಈ ಕಚೇರಿ. ಗಿರಣಿ ಶುರುವಾಯಿತೆಂದರೆ ಮೇಲಿನವರ ಮಾತು ಕೆಳಗಿನವರಿಗೆ ಕೇಳದು. ಇಲ್ಲಿ ಕಂಪ್ಯೂಟರಿಗೆ ಹಾಕುವ ನೆಟ್‌ವರ್ಕ್ ಕಾರ್ಡು ಮಾಡುತ್ತಾರೆ. ಕಾರ್ಡನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಯಾವ ಡ್ರೈವರಿಗೆ ಯಾವ ಕೆಲಸ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಗಿರಾಕಿಗೆ ತಿಳಿಯುವಂತೆ ಟೇಬಲ್, ಅಂದರೆ ಕೋಷ್ಟಕ, ಬರೆಯುವುದು ಮುಗ್ಧಾಳ ಕೆಲಸ. ತಿಳಿಯದಂತೆ ತಿದ್ದುವುದು ಸಾಹೇಬರಾದ ಮಧುಕರರ ಕೆಲಸ. ನಾಳೆ ಖಾನಾಪುರದಲ್ಲಿ ಮುಗ್ಧಾಳ ತಂಗಿ ಸಾನಿಕಾಳ ನಿಶ್ಚಿತಾರ್ಥ. ರಜೆ ಕೇಳಿ ವಾರವಾಯಿತು. ಸಾಹೇಬರ ಉತ್ತರ ಒಂದೇ: 'ನೋಡೂಣು.'

ಮುಗ್ಧಾ: ಚಂದ್ರ, ಚುಕ್ಕಿ ಎಲ್ಲಾ ತಗದಬಿಡ್ತೀನ್ರಿ. ಇದ್ದಲ್ಲಿ ರೈಟ್ ಗುರುತು ಹಾಕ್ತೀನಿ. ಇಲ್ಲದಲ್ಲಿ 'ಇಲ್ಲ' ಅಂತ ಬರೀತೀನಿ.

ಮಧುಕರ: (ಕಿವಿ ಮುಚ್ಚಿಕೊಂಡು) ಅಯ್ಯಯ್ಯ! ದೀಪ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತಾಡ್ತಿ? ನಮ್ಮವ್ವ ಮನ್ಯಾಗ ಅಕ್ಕಿ ತೀರಿದ್ರೂ 'ಇಲ್ಲ' ಅಂದಾಕಿ ಅಲ್ಲ. 'ಅಕ್ಕಿ ತುಂಬ್ಯಾವ' ಅಂತಿದ್ಲು.

ಮುಗ್ಧಾ: ನಮ್ಮ ಆಯಿನೂ ಹಂಗ ಅಂತಾಳ್ರಿ. ಆದ್ರ ಅಂದ ಕೂಡ್ಲೆ ಅಪ್ಪನ ಕೈಯಾಗ ಚೀಲ ಕೊಡ್ತಾಳ. ಗಿರಾಕಿ ಕೈಯಾಗ ಯಾರು ಚೀಲ ಕೊಡಬೇಕು?

ಮಧುಕರ: ಇಲ್ಲ ಅಂತ ಬರದ್ರ ಗಿರಾಕಿ ಬಾಜು ಅಂಗಡಿಗೆ ಹೋಗ್ತಾನ. ಒಂದ ಕೆಲಸ ಮಾಡು, ಆ ಬಾಕ್ಸ್ ಖಾಲಿ ಬಿಡು. ಓದಾಂವ ತನಗ ಬೇಕಾದ್ದು ತಿಳ್ಕೋತಾನ.

ಮುಗ್ಧಾ: ಖಾಲಿ ಬಿಟ್ರ ಬೇಕಾದ್ದು ತಿಳ್ಕೋಬಹುದು. ಇದು ನಮ್ಮ ಆಫೀಸಿನ ನಿಯಮ ಏನ್ರಿ?

ಮಧುಕರ: ಇವತ್ತಿಂದ ಇದ ನಿಯಮ! ಟೇಬಲ್ಲೂ ಸರಳ ಆತು, ಯಾರ ಮನಸೂ ನೋಯಲಿಲ್ಲ.

ಅಷ್ಟರಲ್ಲಿ ಕಂಕುಳಲ್ಲಿ ಕಾರ್ಡಿನ ಡಬ್ಬಿ ಹಿಡಿದು ರಾಯಪ್ಪ ಒಳಗೆ ಬಂದ. ಖಾನಾಪುರದಿಂದ ಹಲಸಿಯವರೆಗೆ ಮನೆಮನೆಗೆ ಇಂಟರ್ನೆಟ್ ಕೊಡುವವನು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

ಮಧುಕರ: ಬರ್ರಿ ರಾಯಪ್ಪ, ಕುಂದರ್ರಿ. ಚಾ ತಗೋರಿ.

ರಾಯಪ್ಪ: ಚಾ ಆಮ್ಯಾಲ. ಒಬ್ಬೊಬ್ಬ ಗಿರಾಕಿಗೆ ಬ್ಯಾರೆ ಬ್ಯಾರೆ ಸ್ಪೀಡ್ ಕೊಡಾಕ ಈ ಕಾರ್ಡಿಗೆ ಬರ್ತೈತೋ ಇಲ್ಲೋ? ನಿಮ್ಮ ಟೇಬಲ್ಲಿನ್ಯಾಗ ಚಂದ್ರ ಮೂಡಿದ್ದ ನೋಡಿ ತಗೊಂಡೇನಿ. ಈಗ ಒಬ್ಬಾಂವ ಸಿನಿಮಾ ಹಚ್ಚಿದ್ರ ಇಡೀ ಹಲಸಿ ನಿಂದರ್ತೈತಿ!

ಮಧುಕರ: ಬರ್ತದ ಅಂದ್ರ... ಬರೂ ಹಾದ್ಯಾಗ ಅದ.

ರಾಯಪ್ಪ: ಯಾವ ಹಾದ್ಯಾಗ್ರಿ? ನಾ ಖಾನಾಪುರದಿಂದನ ಬಂದೆ, ಎಲ್ಲೂ ಎದರಾಗ್ಲಿಲ್ಲ!

ರಾಯಪ್ಪನ ಫೋನು ರಿಂಗಾಯಿತು.

ರಾಯಪ್ಪ: (ಫೋನಿಗೆ) ಹಾಂ, ಪ್ರಮಿಳಕ್ಕಾರ! ನೆಟ್ ಏನ್ರಿ? ಬಂತು ಬಂತು, ಬರಾಕ ಹತ್ತೈತಿ. ನಾ ನಿಮ್ಮ ಮನಿ ಮುಂದಿನ ಕಂಬದ ಮ್ಯಾಲನ ಅದೇನಿ!

ಮುಗ್ಧಾ: ರಾಯಪ್ಪಣ್ಣಾ, ಈಗ ಹೇಳಿದ್ದು ಪೂರ್ತಿ ಚಂದ್ರನೋ, ಅರ್ಧನೋ?

ರಾಯಪ್ಪ: (ತಲೆ ಕೆರೆದುಕೊಂಡು) ಅಮಾಸಿ ಐತ್ರಿ, ಅಕ್ಕಾರ. ಗಿರಾಕಿಗೆ ಇಲ್ಲ ಅಂತ ಹ್ಯಾಂಗ ಅನ್ನೂದು?

ಮಧುಕರ: ಶಾಬ್ಬಾಸ್! ಇದಕ್ಕ ಸಂಸ್ಕಾರ ಅಂತಾರ!

ರಾಯಪ್ಪ: ನನ್ನ ಸಂಸ್ಕಾರ ಅತ್ಲಾಗ ಇರ್ಲಿ. ನನಗ ಮಾತ್ರ ಬಾಯಿಬಿಟ್ಟು ಹೇಳ್ರಿ, ಬರ್ತೈತೋ ಇಲ್ಲೋ?

ಮಧುಕರ: ನೋಡೂಣು.

ಮುಗ್ಧಾ ಕಂಪ್ಯೂಟರ್ ಮುಚ್ಚಿ, ಬ್ಯಾಗು ಹೆಗಲಿಗೇರಿಸಿದಳು.

ಮುಗ್ಧಾ: ಸರ್, ಕಡೀ ಸಲ ಕೇಳ್ತೀನ್ರಿ. ಇರಾಕಿ ಒಬ್ಬಾಕಿ ತಂಗಿ. ನಾಳಿ ರಜಾ ಅದನೋ, ಇಲ್ಲೋ?

ಮಧುಕರರು ಫ್ಯಾನಿನ ಕಡೆ ನೋಡಿದರು. ಚಹಾದ ಕಪ್ಪಿನ ಕಡೆ ನೋಡಿದರು. ಕಪ್ಪೆತ್ತಿ ಒಂದು ಗುಟುಕು ಕುಡಿದರು.

ಮುಗ್ಧಾ: ಖಾಲಿ ಬಿಟ್ರಿ. ನಿಯಮದ ಪ್ರಕಾರ ನನಗ ಬೇಕಾದ್ದು ತಿಳ್ಕೊಂಡೆ. ಹೋಗಿ ಬರ್ತೀನ್ರಿ!

ಚಪ್ಪಲಿ ಸಪ್ಪಳ ಮೆಟ್ಟಿಲಿಳಿಯಿತು. ಮಧುಕರರು ಕುರ್ಚಿ ಕೆಡವಿ ಬಾಗಿಲಿಗೆ ಓಡಿದರು.

ಮಧುಕರ: ಏ ಮುಗ್ಧಾ! ರಜಾ ಇಲ್ಲ! ಇಲ್ಲ ಅಂದ್ರ ಇಲ್ಲ! ಬಿಲ್ಕುಲ್ ಇಲ್ಲ!

ಕೆಳಗೆ ಗಿರಣಿ ಆಗಲೇ ಶುರುವಾಗಿತ್ತು. ಮುಗ್ಧಾ ತಿರುಗಿ ನೋಡದೆ ಓಣಿ ದಾಟಿದಳು.

ರಾಯಪ್ಪ: (ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ) ಬಂತ ನೋಡ್ರಿ 'ಇಲ್ಲ' ಸಾಹೇಬ್ರ ಬಾಯಾಗ! ಇದನ್ನ ಒಂದ ಸಲ ಆ ಟೇಬಲ್ಲಿನ್ಯಾಗ ಅಂದಿದ್ರ, ನಾ ಖಾನಾಪುರದಿಂದ ಯಾಕ ಬರ್ತಿದ್ದೆ?