ನೋಡೋಕೆ ಬಂದವರು

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಸಾಕು, ಊರಿಗೆಲ್ಲ ಕಾಲು ಬರುತ್ತೆ. ಎಲ್ಲ ಬೀದಿಯಲ್ಲೂ ಇದೇ. ನಾನು ಗಾರೆ ಕೆಲಸದವನು. ಆಗ ತಿಲಕ್ ನಗರದಲ್ಲಿ ಬಾಡಿಗೆಗೆ ಒಂದು ರೂಮು. ನನ್ನ ಹೆಂಡತಿ ಕಡೆಯ ಸಲ ಮಲಗಿದಾಗ ಡಾಕ್ಟರು ಹೇಳಿದ್ದು ಒಂದೇ ಮಾತು. "ನೋವು ಜಾಸ್ತಿ ಇದೆ. ನಿದ್ದೆ ಮಾಡಲಿ ಬಿಡಪ್ಪ." ಅವಳು ಬೇಡಿದ್ದೂ ಅದೊಂದೇ. ನಿದ್ದೆ ಹತ್ತಿತು ಅನ್ನುವಾಗ ಯಾರಾದರೂ ಬಾಗಿಲು ಬಡಿಯೋರು.

ಬ್ರೆಡ್ಡು

ಮೊದಲು ಬಂದವರು ಜಯನಗರದ ಸಾಹೇಬರು. ಅವರ ಮನೆ ಗೋಡೆಗೆ ಗಿಲಾವು ಮಾಡಿದ್ದು ನಾನೇ. ಕಾಯಿಲೆಯವರ ಮನೆಗೆ ಬ್ರೆಡ್ಡು ಹಿಡಿದು ಹೋಗೋದು ಆಗಿನ ಮರ್ಯಾದೆ. ತಂದರು. "ಏನಮ್ಮಾ, ನಿದ್ದೇನಾ?" ಅಂತ ಕೂಗಿದರು. ಎದ್ದಳು.

ಕಾಫಿ ಕೊಟ್ಟೆ. ಬ್ರೆಡ್ಡು ಬಿಚ್ಚಿ, ಅದ್ದಿ ಅದ್ದಿ ತಿಂದರು. ತುದಿಯ ಚೂರು ಉಳಿಯಿತು.

"ಅವಳಿಗೆ ಕೊಡಲಾ ಸಾರ್?"

"ಮೈದಾ ಕಣಯ್ಯ. ಕಾಯಿಲೆಯವರಿಗೆ ಆಗಲ್ಲ," ಅಂದು ಅದನ್ನೂ ಬಾಯಿಗೆ ಹಾಕಿಕೊಂಡರು.

ಅಳು

ಹನುಮಂತನಗರದಿಂದ ಹೆಂಡತಿಯ ದೂರದ ಚಿಕ್ಕಮ್ಮ ಬಂದಳು. ಗೇಟಿನಿಂದಲೇ ಎದೆ ಬಡಿದುಕೊಂಡು ಶುರು. "ಅಯ್ಯೋ ನನ್ನ ಕಂದಾ, ಹೋಗ್ಬಿಟ್ಯಾ!"

ಒಳಗೆ ಹೆಂಡತಿ ಗಂಜಿ ಕುಡೀತಾ ಕೂತಿದ್ದಳು. ತೋರಿಸಿದೆ.

ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಮುಖ ಗಂಟಾಯಿತು. "ಇದ್ದಾಳಾ? ಹೇಳಿ ಕಳಿಸೋದಲ್ವಾ? ಎರಡು ಬಸ್ ಹತ್ತಿ ಬಂದಿದೀನಿ."

ಓನರಮ್ಮ

ಇವರದು ಎಲ್ಲಕ್ಕಿಂತ ಮೇಲು. ಹಿಂದೆ ಹೊಲ ಇದ್ದವರು, ಈಗ ಸಾಲು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟವರು. ಅವತ್ತು ಮಧ್ಯಾಹ್ನ ಹೆಂಡತಿಗೆ ಹೇಗೋ ಜೋಂಪು ಹತ್ತಿತ್ತು. ನಾನು ಹೊಸ್ತಿಲಲ್ಲಿ ಕಾವಲು. ಓನರಮ್ಮ ಬಂದು ಪಕ್ಕದ ಜಗಲಿ ಮೇಲೆ ಕೂತರು.

"ಆಗೋದು ಆಗುತ್ತೆ ಕಣಪ್ಪ. ನಿನಗೇನು ಮಹಾ ವಯಸ್ಸು? ಬನಶಂಕರೀಲಿ ನಮ್ಮಕ್ಕನ ಮಗಳಿದಾಳೆ. ಗಂಡ ಬಿಟ್ಟೋಳು. ಗಟ್ಟಿ ಆಳು."

"ಮೆತ್ತಗೆ ಮಾತಾಡಿ ತಾಯಿ."

ನಾನು ಒಪ್ಪಿದೆ ಅಂದುಕೊಂಡರು. ಹತ್ತಿರ ಜರುಗಿ, ಕಿವಿಗೆ ಬಾಯಿಟ್ಟು, ಆದರೂ ಬೀದಿಗೆಲ್ಲ ಕೇಳೋ ಹಾಗೆ, "ನೋಡೋಕೆ ಯಾವಾಗ ಬರ್ತೀಯಾ?" ಅಂದರು.

ಒಳಗಿಂದ ನನ್ನ ಹೆಂಡತಿಯ ದನಿ ಬಂತು.

"ಅವರ‍್ಯಾಕೆ ಬರ್ಬೇಕಮ್ಮಾ? ಅವಳನ್ನೇ ಇವತ್ತು ಕಳಿಸ್ಕೊಡಿ. ಗಟ್ಟಿ ಆಳು ಅಂತೀರಲ್ಲ, ಬಾಗ್ಲಲ್ಲಿ ಕೂತು ಬಂದೋರನ್ನ ಅಟ್ಟಲಿ. ನಾನು ಒಂದು ಗಳಿಗೆ ನಿದ್ದೆ ಮಾಡ್ತೀನಿ."