ವಿಮಾನಕ್ಕೆ ಒಂದು ಚೀಲ ಮೆಣಸಿನಕಾಯಿ

ನಿರ್ಮಲಾ: ತವರಿನ ಹೊಲದ ಚೀಲ, ನನ್ನ ಹೆಸರಿನ್ಯಾಗ ಅದಾವು. ನಾ ಸಹಿ ಮಾಡಂಗಿಲ್ಲ. ಮುಂದಿನವರು ಬರ್ರಿ.

ವಿಜಯಮಹಾಂತೇಶ: ಮುಂದ ಯಾರೂ ಇಲ್ಲ. ನಾ ಒಬ್ಬನ ಅದೇನಿ.

ನಿರ್ಮಲಾ: ಹಂಗಾದ್ರ ಹಿಂದಕ ಹೋಗ್ರಿ.

(ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಕಚೇರಿ. ಮೆಣಸಿನಕಾಯಿ ಚೀಲ ಇಡುವವರ, ಬಿಡಿಸಿಕೊಳ್ಳುವವರ ಲೆಕ್ಕ ನೋಡುವವಳು ನಿರ್ಮಲಾ. ಕೌಂಟರಿನ ಹೊರಗೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ, ಅವಳ ಗಂಡ. ಫ್ಯಾಕ್ಟರಿಗೆ ರಜೆ ಹಾಕಿ ರಾಣೇಬೆನ್ನೂರಿನಿಂದ ರೈಲು ಹತ್ತಿ ಬಂದಿದ್ದಾನೆ. ಗೋದಾಮಿನ ಘಾಟಿಗೆ ಅವನಿಗೆ ಮಾತಿಗೊಮ್ಮೆ ಕೆಮ್ಮು. ನಿರ್ಮಲಾಳಿಗೆ ಘಾಟು ಇದೆಯೆಂಬುದೇ ಮರೆತುಹೋಗಿದೆ.)

ವಿಜಯಮಹಾಂತೇಶ: ಮನ್ಯಾಗ ಮಾತಾಡೂಣು ಅಂದ್ರ ಅತ್ತಿ ಕೇಳಸ್ಕೋತಾರ ಅಂತಿ. ಇಲ್ಲಿಗೆ ಬಂದ್ರ ಗಿರಾಕಿ ಮಾಡಿ ನಿಂದ್ರಸ್ತಿ.

ನಿರ್ಮಲಾ: ಗಿರಾಕಿಗೆ ಮರ್ಯಾದಿ ಕೊಡಬೇಕಂತ ನಮ್ಮ ಮಾಲಕರು ಹೇಳ್ಯಾರ. ಅನುಕೂಲ ನಿಮಗ. ಏನ ಬೇಕಾಗಿತ್ತರಿ?

ವಿಜಯಮಹಾಂತೇಶ: ಅರವತ್ತು ಚೀಲ ಡಬ್ಬಿ ಜಾತಿ ಮೆಣಸಿನಕಾಯಿ ಬಿಡಿಸ್ಕೋಬೇಕಾಗಿತ್ರಿ.

ನಿರ್ಮಲಾ: ಕಾರಣ?

ವಿಜಯಮಹಾಂತೇಶ: (ದನಿ ತಗ್ಗಿಸಿ) ಪೈಲಟ್ ಆಗಾಕ.

ನಿರ್ಮಲಾ: ಜೋರಾಗಿ ಹೇಳ್ರಿ. ಹಮಾಲರಿಗೂ ಕೇಳ್ಲಿ, ಬ್ಯಾಸರ ಕಳೀತೈತಿ.

ವಿಜಯಮಹಾಂತೇಶ: ಇವತ್ತಿನ ಪೇಪರ್ ನೋಡಿಯಿಲ್ಲೋ? ಡಬ್ಬಿಗೆ ಎಂಥಾ ರೇಟು ಬಂದೈತಿ. ಆ ರೇಟಿಗೆ ಅರವತ್ತು ಚೀಲ ಗುಣಿಸಿ ನೋಡಿದೆ. ಟ್ರೇನಿಂಗಿನ ಮೊದಲನೇ ಕಂತು ಸಲೀಸ ಕಟ್ಟಬಹುದು. ಉಳದದ್ದಕ್ಕ ಬ್ಯಾಂಕ್ ಐತಿ.

ನಿರ್ಮಲಾ: ಪೇಪರಿನ್ಯಾಗ ಬರೋದು ಒಂದ ಲಾಟಿನ ರೇಟು. ಮಾರ್ಕೆಟ್ಟಿನ್ಯಾಗ ಅಂಥಾ ಸಾವಿರಾರು ಲಾಟು, ಸಾವಿರಾರು ರಾಶಿ ಬಿದ್ದಿರ್ತಾವು. ಯಾವುದೋ ಪುಣ್ಯಾತ್ಮನ ಒಂದು ಲಾಟಿಗೆ ಆ ರೇಟು ಹತ್ತಿರ್ತೈತಿ. ಪೇಪರ್ ಬಂದ ದಿನ ಈ ಊರಾಗ ಎಲ್ಲಾರೂ ಸಾಹುಕಾರ್ರು. ಸಂಜಿಗೆ ಟೆಂಡರ್ ತೆರೆದ ಮ್ಯಾಲ ಮತ್ತ ಅದ ಸೈಕಲ್ಲು.

ವಿಜಯಮಹಾಂತೇಶ: ಪೈಲಟ್‌ಗೆ ಪಗಾರ ಎಷ್ಟ ಗೊತ್ತೈತೇನು ನಿನಗ? ತಿಂಗಳಿಗೆ ಆರು ಲಕ್ಷ.

ನಿರ್ಮಲಾ: ಯಾರ ಹೇಳಿದ್ರು?

ವಿಜಯಮಹಾಂತೇಶ: ಮೊಬೈಲಿನ್ಯಾಗ ಒಬ್ಬಾಂವ ಹೇಳಿದ. ಟ್ರೇನಿಂಗ್ ಸ್ಕೂಲಿನವನ ಅಂವ.

ನಿರ್ಮಲಾ: ಅದೂ ಒಂದ ಲಾಟಿನ ರೇಟು.

(ಕೆಮ್ಮು ಬಂದು ವಿಜಯಮಹಾಂತೇಶನ ಮರ್ಯಾದೆ ಉಳಿಸಿತು.)

ನಿರ್ಮಲಾ: ನೀವು ಫ್ಯಾಕ್ಟರಿ ಬಿಟ್ಟು ಕಲಿಯಾಕ ಹೋದ್ರಿ ಅಂತ ಇಟ್ಕೋರಿ. ಮನಿ ಬಾಡಗಿ, ಮಗಳು ಐಶ್ವರ್ಯಾನ ಸಾಲಿ ಫೀ, ಅತ್ತಿ ಗುಳಗಿ. ಯಾರ ನೋಡ್ಕೊಳ್ಳೋರು?

ವಿಜಯಮಹಾಂತೇಶ: ನಿನ್ನ ಪಗಾರ ಐತಲ್ಲ.

ನಿರ್ಮಲಾ: ನನ್ನ ಪಗಾರ ಭಾಳ ಸಣ್ಣ ವಿಮಾನರಿ. ಮೂರು ಮಂದಿ ಕುಂತ್ರನ ನೆಲ ಬಿಡಂಗಿಲ್ಲ. ಅದರ ಮ್ಯಾಲ ಬ್ಯಾಂಕಿನವರನ್ನ ಕುಂದ್ರಸ್ತೀನಿ ಅಂತೀರಿ.

ವಿಜಯಮಹಾಂತೇಶ: ಎಲ್ಲಾದಕ್ಕೂ ನಿನ್ನ ಕೇಳಬೇಕು, ನೀ ಬ್ಯಾಡ ಅನಬೇಕು.

ನಿರ್ಮಲಾ: ಪೈಲಟ್ ಆದ್ರ ಯಾರನ್ನೂ ಕೇಳೂದು ಬ್ಯಾಡ ಅಂತ ಮಾಡೀರೇನು?

ವಿಜಯಮಹಾಂತೇಶ: ಹಂಗೇನಿಲ್ಲ. ಅಲ್ಲೂ ಏರ್‌ಪೋರ್ಟಿನ ಟವರಿನ್ಯಾಗ ಒಬ್ಬರು ಕುಂತಿರ್ತಾರ. ಅವರು ಹೂಂ ಅನ್ನೋತನಾ ವಿಮಾನದ ಗಾಲಿ ಕದಲಂಗಿಲ್ಲ.

ನಿರ್ಮಲಾ: ಅವರಿಗೆ ಪಗಾರ ಕೊಡ್ತಾರೇನು?

ವಿಜಯಮಹಾಂತೇಶ: ಮತ್ತ, ಪುಕ್ಕಟ ಯಾರ ಮಾಡ್ತಾರ?

ನಿರ್ಮಲಾ: ನಾ ಮಾಡಾಕತ್ತೇನಿ.

(ಅವನು ಕೌಂಟರಿನ ಮೇಲೆ ಮೊಣಕೈ ಊರಿದ. ಈ ಸಲ ದನಿ ಜಗಳದ್ದಾಗಿರಲಿಲ್ಲ.)

ವಿಜಯಮಹಾಂತೇಶ: ನೋಡು, ಕುಮಾರಪಟ್ಟಣದ ಫ್ಯಾಕ್ಟರಿಯಾಗ ಊಟದ ಹೊತ್ತಿಗೆ ಎಲ್ಲಾರೂ ಮೊಬೈಲ್ ನೋಡ್ತಾರ. ನಾ ಹೊಳಿ ಕಡೆ ಮಾರಿ ಮಾಡಿ ಮ್ಯಾಲ ನೋಡ್ತೇನಿ. ಪಿಯುಸಿ ಒಳಗ ಫಿಜಿಕ್ಸ್‌ನ್ಯಾಗ ಕ್ಲಾಸಿಗೆ ಫಸ್ಟ್ ನಾನ. ಅಪ್ಪ ಹೋದ, ಕೆಲಸಕ್ಕ ಸೇರಿದೆ, ಅದಕ್ಕೇನ ಬ್ಯಾಸರಿಲ್ಲ. ಆದ್ರ ಇನ್ನ ಸ್ವಲ್ಪ ವರ್ಷ ಹೋದ್ರ ನನ್ನ ಯಾರೂ ತಗೊಳ್ಳಂಗಿಲ್ಲ. ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜ್ ಐತಿ, ಇಟ್ಟ್ರ ಬಣ್ಣ ಹೋಗಂಗಿಲ್ಲ. ನನ್ನ ಎಲ್ಲಿಡ್ತಿ?

(ನಿರ್ಮಲಾ ನೀರಿನ ಬಾಟಲಿಯನ್ನು ಅವನತ್ತ ಸರಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಸೀನಿದರು. ಮತ್ತೆ ಸೀನಿದರು. ಇಸ್ತ್ರಿ ಅಂಗಿಯ, ನುಣ್ಣಗೆ ಗಡ್ಡ ಹೆರೆದ ಒಬ್ಬ ಮನುಷ್ಯ ಕರ್ಚೀಫು ಹುಡುಕುತ್ತ ಒಳಗೆ ಬಂದ.)

ನಿರ್ಮಲಾ: ಬರ್ರಿ, ಕುಂದ್ರಿ. ಮೊದಲ ಸೀನು ಮುಗಸ್ಕೋರಿ. ಹೊಸಬ್ರಿಗೆ ಹಂಗ ಆಗ್ತೈತಿ.

ಬಂದವನು: ಹೊಸಬ ಅಲ್ರಿ, ಹಾವೇರಿಯವನ. ಸಿದ್ದಲಿಂಗೇಶ ಅಂತ. ಊರು ಬಿಟ್ಟು ಭಾಳ ದಿನ ಆತು, ಮೂಗಿಗೆ ರೂಢಿ ತಪ್ಪೈತಿ. ಐದುನೂರು ಚೀಲ ಇಡಾಕ ಜಾಗ ಸಿಗ್ತೈತೇನ್ರಿ?

ನಿರ್ಮಲಾ: ಸಿಗ್ತೈತಿ. ಚೀಲ ಎಲ್ಲದಾವ್ರಿ?

ಸಿದ್ದಲಿಂಗೇಶ: ಇನ್ನ ತಗೋಬೇಕ್ರಿ.

ನಿರ್ಮಲಾ: ಬರಕೋಬೇಕು, ಹೇಳ್ರಿ. ರೈತರೋ, ವರ್ತಕರೋ?

ಸಿದ್ದಲಿಂಗೇಶ: ಎರಡೂ ಅಲ್ರಿ. ಸದ್ಯ ಪೈಲಟ್ ಅದೇನಿ.

(ವಿಜಯಮಹಾಂತೇಶ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ನಿರ್ಮಲಾ ಪೆನ್ನು ಕೆಳಗಿಟ್ಟಳು.)

ವಿಜಯಮಹಾಂತೇಶ: ಸರ, ಸದ್ಯ ಅಂದ್ರ?

ಸಿದ್ದಲಿಂಗೇಶ: ಬಿಡಬೇಕಂತ ಮಾಡೇನ್ರಿ. ಮೆಣಸಿನಕಾಯಿ ತಗೊಂಡು ಇಟ್ಟು, ರೇಟು ಏರಿದಾಗ ಮಾರೋದು. ಇವತ್ತಿನ ಪೇಪರ್ ನೋಡಿದ್ರಿಲ್ಲೋ? ಡಬ್ಬಿಗೆ ಎಂಥಾ ರೇಟು ಬಂದೈತಿ. ಐದುನೂರು ಚೀಲಕ್ಕ ಗುಣಿಸಿ ನೋಡಿದೆ.

(ನಿರ್ಮಲಾ ಬಾಯಿ ತೆರೆಯುವುದರೊಳಗೆ ಅವಳ ಗಂಡ ತೆರೆದಿದ್ದ.)

ವಿಜಯಮಹಾಂತೇಶ: ಸರ, ಅದು ಒಂದ ಲಾಟಿನ ರೇಟು.

ಸಿದ್ದಲಿಂಗೇಶ: ಹಂಗೇನ್ರಿ?

ವಿಜಯಮಹಾಂತೇಶ: ಮತ್ತ. ಸಾವಿರಾರು ಲಾಟಿನ್ಯಾಗ ಒಂದು. ಚೀಲ ಬಿಚ್ಚಿದ್ರ ಮ್ಯಾಲ ಕೆಂಪನ್ನ ಕಾಯಿ ಕಾಣ್ತಾವು, ತಳಕ್ಕ ಕೈ ಹಾಕಿದ್ರ ಬಿಳಿಗಾಯಿ. ತೇವ ಉಳದಿದ್ರ ಬೂಸ್ಟು ಹಿಡೀತೈತಿ. ಇಟ್ಟಷ್ಟು ದಿನ ಬಾಡಗಿ ಬ್ಯಾರೆ. ಕೈಯಾಗಿನ ಕೆಲಸ ಬಿಟ್ಟು ಯಾರರ ಇದಕ್ಕ ಬರ್ತಾರೇನ್ರಿ? ಮನ್ಯಾಗ ಹೆಂಡತಿ ಮಕ್ಕಳು ಇಲ್ಲೇನು ನಿಮಗ?

ನಿರ್ಮಲಾ: ಇನ್ನೊಮ್ಮೆ ಹೇಳ್ರಿ. ಚಂದ ಬಂತು.

ವಿಜಯಮಹಾಂತೇಶ: (ಅವಳ ಕಡೆ ನೋಡದೆ) ಅಲ್ರಿ ಸರ, ತಿಂಗಳಿಗೆ ಆರು ಲಕ್ಷ ಬಿಟ್ಟು ಬರ್ತಾರ ಯಾರಾದ್ರೂ?

ಸಿದ್ದಲಿಂಗೇಶ: ಆರು ಲಕ್ಷ? ಅದು ಭಾಳ ವರ್ಷ ಹಾರಿದ ಕ್ಯಾಪ್ಟನ್ನಿಗೆ. ನಾ ಬಾಜೂ ಸೀಟಿನವ, ಕೋ-ಪೈಲಟ್. ಲೈಸೆನ್ಸ್ ಬಂದ ಮ್ಯಾಲ ಎರಡು ವರ್ಷ ಕೆಲಸಿಲ್ದ ಕುಂತಿದ್ದೆ. ನಾ ಕುಂತೆ, ಬಡ್ಡಿ ಕುಂದ್ರಲಿಲ್ಲ. ಆಮ್ಯಾಲ ಕಂಪನಿಯವರು ಹಾರ್ಸೋ ವಿಮಾನಕ್ಕ ಅಂತ ಮತ್ತೊಂದು ಟ್ರೇನಿಂಗ್, ಅದಕ್ಕ ಮತ್ತೊಂದು ಸಾಲ. ಅದರ ಮ್ಯಾಲ ವರ್ಷಾ ವರ್ಷಾ ಮೆಡಿಕಲ್ ಪರೀಕ್ಷೆ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿದ ಕೂಡಲೇ ಬ್ಯಾಂಕಿನ ಕಂತು ನೆನಪಾಗ್ತೈತಿ, ಬಿಪಿ ಏರ್ತೈತಿ. ಏರಿದ್ರ ಹಾರಾಕ ಬಿಡದ ನೆಲದ ಮ್ಯಾಲ ಕುಂದ್ರಸ್ತಾರ, ಕಂತು ಕಟ್ಟಾಕ ಆಗಂಗಿಲ್ಲ. ಅದು ನೆನಪಾಗಿ ಮತ್ತಷ್ಟು ಏರ್ತೈತಿ.

ನಿರ್ಮಲಾ: ಚೀಲದ ತಳ ಬಂತು ನೋಡ್ರಿ.

(ವಿಜಯಮಹಾಂತೇಶ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ, ಬಿಚ್ಚುತ್ತ ಇದ್ದ.)

ವಿಜಯಮಹಾಂತೇಶ: ಆತ್ರಿ ಸರ. ಎಲ್ಲಾ ಖರೇ. ಮತ್ತ ಹಾರೋದು? ಅದು ಹೆಂಗೈತಿ?

(ಸಿದ್ದಲಿಂಗೇಶ ಕರ್ಚೀಫು ಮಡಚಿ ಜೇಬಿಗಿಟ್ಟ.)

ಸಿದ್ದಲಿಂಗೇಶ: ಅದು ಚೊಲೋ ಐತ್ರಿ. ಮುಂಜಾನಿ ಮೋಡ ದಾಟಿ ಮ್ಯಾಲ ಬಂದ್ರ ಒಮ್ಮೆಲೆ ಬಿಸಲು. ಮೊದಲನೇ ದಿನ ಹೆಂಗಿತ್ತೋ ಇವತ್ತೂ ಹಂಗ ಐತಿ. ಅದರ ಬಗ್ಗೆ ಸುಳ್ಳು ಹೇಳಾಕ ಬಾಯಿ ಬರಂಗಿಲ್ಲ.

(ನಿರ್ಮಲಾ ಆ ಮಾತು ಕೇಳುತ್ತಿದ್ದ ಗಂಡನ ಮುಖ ನೋಡಿದಳು. ಆಮೇಲೆ ಚೀಲ ಬಿಡಿಸುವ ಚೀಟಿ ಹರಿದು, ಬರೆದು, ಸಹಿ ಹಾಕಿದಳು.)

ನಿರ್ಮಲಾ: ತಗೋರಿ. ಒಂದು ಚೀಲ.

ವಿಜಯಮಹಾಂತೇಶ: ಒಂದು ಚೀಲಕ್ಕ ವಿಮಾನದ ಬಾಗಲಾನೂ ತೆರೆಯಂಗಿಲ್ಲ.

ನಿರ್ಮಲಾ: ಮೆಡಿಕಲ್ ಮಾಡಸಾಕ ಸಾಕು. ಕಣ್ಣು, ಕಿವಿ, ಬಿಪಿ ಎಲ್ಲಾ ತೋರಿಸ್ಕೊಂಡ ಬರ್ರಿ. ಫ್ಯಾಕ್ಟರಿಗೆ ರಜಾ ಹಾಕ್ರಿ, ರಾಜೀನಾಮಿ ಅಲ್ಲ.

ವಿಜಯಮಹಾಂತೇಶ: ಪಾಸಾದ್ರ?

ನಿರ್ಮಲಾ: ಪಾಸಾದ್ರ ಮನ್ಯಾಗ ಕುಂತು ಲೆಕ್ಕ ಹಾಕೂಣು. ಅತ್ತಿ ಕೇಳಿದ್ರೂ ಕೇಳ್ಲಿ. ಆದ್ರ ಎಲ್ಲಾದಕ್ಕಿಂತ ಕಡಿಮಿ ಲಾಟಿನ ರೇಟು ಹಿಡದು. ಅದರಾಗೂ ಸಂಸಾರ ನಡದ್ರ ನಾನ ಎಲ್ಲಾ ಚೀಲಕ್ಕ ಸಹಿ ಹಾಕ್ತೇನಿ.

ಸಿದ್ದಲಿಂಗೇಶ: ಮತ್ತ ನನ್ನ ಐದುನೂರು ಚೀಲ?

ನಿರ್ಮಲಾ: ಈ ಒಂದು ಚೀಲ ನೀವ ತಗೋರಿ. ಪೇಪರಿನ ರೇಟಿಗಲ್ಲ, ಇವತ್ತು ಟೆಂಡರಿನ್ಯಾಗ ಹತ್ತೋ ರೇಟಿಗೆ. ಇಟ್ಟು ನೋಡ್ರಿ. ಅಲ್ಲೀತನಾ ವಿಮಾನ ಹಾರಸ್ಕೋತ ಇರ್ರಿ.

ವಿಜಯಮಹಾಂತೇಶ: ಹಂಗಾದ್ರ ಚೀಲ ಹೊರಗ ಬರೋದ ಇಲ್ಲೇನು?

ನಿರ್ಮಲಾ: ಯಾಕ ಬರಬೇಕು? ತಂಪೊಳಗ ಐತಿ. ಹೆಸರು ಬದಲಾತು, ಅಷ್ಟ.

ಸಿದ್ದಲಿಂಗೇಶ: ತಳಕ್ಕ ಕೈ ಹಾಕಿ ನೋಡಬೇಕಲ್ರಿ.

ನಿರ್ಮಲಾ: ಲಗೂ ಕಲತ್ರಿ ನೀವು. ಇವರು ತೋರಸ್ತಾರ, ಹೋಗ್ರಿ. ಅದಕ್ಕ ಮೊದಲ ಫೋನ್ ನಂಬರ್ ಹೇಳ್ರಿ, ಬರಕೋತೇನಿ.

(ಸಿದ್ದಲಿಂಗೇಶ ತನ್ನ ನಂಬರ್ ಹೇಳತೊಡಗಿದ. ಅವಳ ಪೆನ್ನು ಅಲ್ಲಾಡಲಿಲ್ಲ.)

ನಿರ್ಮಲಾ: ನಿಮ್ದಲ್ರಿ. ನಿಮ್ಮ ಮನಿಯವರದು.

ಸಿದ್ದಲಿಂಗೇಶ: ನೀಲಾನದಾ? ಆಕಿಗೆ ಇನ್ನೂ ಈ ವಿಷಯ ಹೇಳಿಲ್ರಿ.

ನಿರ್ಮಲಾ: ಅದಕ್ಕ ಕೇಳಾಕತ್ತೇನಿ.

(ಸಿದ್ದಲಿಂಗೇಶ ಸಹಾಯಕ್ಕಾಗಿ ವಿಜಯಮಹಾಂತೇಶನ ಕಡೆ ನೋಡಿದ. ಅವನು ಚೀಟಿಯನ್ನು ಜೋಪಾನವಾಗಿ ಜೇಬಿಗಿಡುತ್ತಿದ್ದ.)

ವಿಜಯಮಹಾಂತೇಶ: ಕೊಟ್ಟುಬಿಡ್ರಿ ಸರ. ಟವರ್ ಕೇಳಾಕತ್ತೈತಿ.